ತುಂಬಿದ ನೋಟ್ಸು, ಖಾಲಿ ಹಾಳೆ: ಏಳನೇ ತರಗತಿಯ ಅರ್ಧ ವರ್ಷದ ಒಂದು ಪ್ರಕರಣ

2024ರ ಜೂನ್ ಮೊದಲ ವಾರ. ಏಳನೇ ತರಗತಿಯ ಮಕ್ಕಳಿಗೆ ಹಿಂದಿನ ವರ್ಷದ ಕನ್ನಡ ನೋಟ್ಸು ತರಲು ಹೇಳಿದ್ದೆ. ಸುಮ್ನೆ ಒಮ್ಮೆ ತಿರುವಿ ನೋಡೋಣ ಅಂತ. ಚೆಂದದ ಅಕ್ಷರ, ಅಂಚಿಗೆ ಕೆಂಪು ಗೆರೆ. ಪ್ರತಿ ಪಾಠಕ್ಕೂ ಪದಗಳ ಅರ್ಥ, ಬಿಟ್ಟ ಸ್ಥಳ, ಒಂದು ವಾಕ್ಯದ ಉತ್ತರ, ನಾಲ್ಕು ವಾಕ್ಯದ ಉತ್ತರ. ಹುಡುಕಿದರೂ ತಪ್ಪು ಸಿಗುವುದಿಲ್ಲ. ಐದಾರು ನೋಟ್ಸು ನೋಡುವಷ್ಟರಲ್ಲಿ ವಿಷಯ ಗೊತ್ತಾಯಿತು. ಎಲ್ಲದರಲ್ಲೂ ಅದೇ ಉತ್ತರ, ಅದೇ ಪದ, ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ. ಎಲ್ಲವೂ ಬೋರ್ಡಿನಿಂದ ಇಳಿದದ್ದು. ಬೋರ್ಡಿನ ಮೇಲೆ ಬರೆದವಳು ನಾನೇ. ಆರನೇ ತರಗತಿಗೂ ಕನ್ನಡ ನನ್ನದೇ ಆಗಿತ್ತು.

ಮಾರನೇ ದಿನ 31 ಮಕ್ಕಳಿಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದೆ: 'ನಿನ್ನೆ ರಾತ್ರಿ ಮಳೆ ಬಂದಾಗ ನಿಮ್ಮ ಮನೆಯಲ್ಲಿ ಏನೇನಾಯಿತು?' ಇಪ್ಪತ್ತು ನಿಮಿಷ ಸಮಯ. ಐದು ಮಕ್ಕಳು ಒಂದು ಪುಟದ ಹತ್ತಿರ ಬರೆದರು. ಹನ್ನೊಂದು ಮಕ್ಕಳದು ಮೂರರಿಂದ ಆರು ಸಾಲು. ಒಂಬತ್ತು ಮಕ್ಕಳು ಒಂದೆರಡು ಸಾಲಿಗೆ ನಿಂತರು. ಉಳಿದ ಆರು ಮಕ್ಕಳು ನನ್ನ ಪ್ರಶ್ನೆಯನ್ನೇ ಮತ್ತೆ ಬರೆದು ಕೂತರು. ಅವರಲ್ಲಿ ಒಬ್ಬಳು ಅದನ್ನು ನಾಲ್ಕು ಸಲ ಬರೆದಿದ್ದಳು, ತುಂಬಾ ಚೆಂದದ ಅಕ್ಷರದಲ್ಲಿ. ಅವಳ ಮನೆಯ ಮಾಡು ಆ ರಾತ್ರಿ ಸೋರಿತ್ತು, ಎಲ್ಲರೂ ಅಡುಗೆ ಕೋಣೆಯಲ್ಲಿ ಮಲಗಿದ್ದರು ಅಂತ ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಗೆಳತಿಗೆ ಹೇಳುತ್ತಿದ್ದಳು. ಹೇಳಲು ಬೇಕಾದಷ್ಟು ಇತ್ತು. ಅದು ಹಾಳೆಗೆ ಇಳಿಯಲಿಲ್ಲ, ಅಷ್ಟೇ.

ಆ ಜೂನ್‌ನಿಂದ ಅಕ್ಟೋಬರ್ ವರೆಗೆ ನಾನು ಓದು ಬರಹವನ್ನು ಹೇಗೆ ಯೋಜಿಸಿದೆ, ಎಲ್ಲಿ ಎಡವಿದೆ, ಏನನ್ನು ಬದಲಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಉಡುಪಿ ತಾಲೂಕಿನ ಕರಾವಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳ ಹೆಸರು ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಸಣ್ಣ ಪುಟ್ಟ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಈ ಮಕ್ಕಳು ಎರಡನೇ ತರಗತಿಯ ಕೊನೆಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಒಂದರಿಂದ ಐದನೇ ತರಗತಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಮೂರನೇ ತರಗತಿ ಇಡೀ ಹೋಯಿತು, ನಾಲ್ಕನೆಯದರಲ್ಲೂ ಅರ್ಧದಷ್ಟು ಹೋಯಿತು. ಒತ್ತಕ್ಷರ ಗಟ್ಟಿಯಾಗುವುದು, ಬಿಡಿ ಅಕ್ಷರದ ಓದು ವಾಕ್ಯದ ಓದಾಗುವುದು ಆ ಹೊತ್ತಿನಲ್ಲೇ ಅಲ್ವಾ? ಆಮೇಲೆ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ 'ಕಲಿಕಾ ಚೇತರಿಕೆ'ಯ ವರ್ಷ ಬಂತು. ಕೆಲವರು ಹಿಡಿದುಕೊಂಡರು, ಕೆಲವರು ಹಿಡಿದುಕೊಂಡಂತೆ ಕಾಣಿಸಿದರು.

ಇನ್ನೊಂದು ಸಂಗತಿ ಮನೆಮಾತು. 31 ಮಕ್ಕಳಲ್ಲಿ 16 ಮಂದಿಯ ಮನೆಯಲ್ಲಿ ತುಳು, ನಾಲ್ವರ ಮನೆಯಲ್ಲಿ ಬ್ಯಾರಿ, ಮೂವರದು ಕೊಂಕಣಿ, ಇಬ್ಬರದು ಕುಂದಾಪ್ರ ಕನ್ನಡ. ಉಳಿದ ಆರು ಮಂದಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ, ಕೆಂಪು ಕಲ್ಲಿನ ಕೋರೆ ಕೆಲಸಕ್ಕೆ ಬಂದವರ ಮಕ್ಕಳು. ಎಲ್ಲರಿಗೂ ಕನ್ನಡ 'ಪ್ರಥಮ ಭಾಷೆ'. ಆದರೆ ಮನೆಯಲ್ಲಿ ಕನ್ನಡ ಆಡುವವರು ಎಂಟೇ ಮಂದಿ. ಅವರ ಮನೆಯ ಕನ್ನಡವೂ ಪುಸ್ತಕದ ಕನ್ನಡವಲ್ಲ. ಒಬ್ಬ 'ಹೋಯ್ಕ್' ಅನ್ನುತ್ತಾನೆ, ಇನ್ನೊಬ್ಬಳು 'ಹೊಂಟೇನಿ' ಅನ್ನುತ್ತಾಳೆ. ಪುಸ್ತಕದ ಭಾಷೆ ಯಾರ ಮನೆಯಲ್ಲೂ ಇಲ್ಲ. ಶಾಲೆಯಲ್ಲೇ ಸಿಗಬೇಕು.

ನನ್ನದು ತುಳು ಮನೆ. ಕಷ್ಟದ ಪದ ಬಂದರೆ ತುಳುವಿನಲ್ಲಿ ಹೇಳಿಬಿಡುವುದು ನನಗೆ ರೂಢಿ. ಮಕ್ಕಳ ಮುಖ ಅರಳುತ್ತದೆ, ನನಗೂ ಸಮಾಧಾನ. ಉತ್ತರ ಕರ್ನಾಟಕದ ಆ ಆರು ಮಕ್ಕಳು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ನಾನು ನೋಡಿಯೇ ಇರಲಿಲ್ಲ. ಕನ್ನಡ ತರಗತಿಯಲ್ಲಿ, ಕನ್ನಡದ ಮನೆಯಿಂದ ಬಂದ ಮಕ್ಕಳಿಗೇ ಪಾಠದ ವಿವರಣೆ ಅರ್ಥವಾಗುತ್ತಿರಲಿಲ್ಲ. ಇದು ಕಣ್ಣಿಗೆ ಬಿದ್ದದ್ದು ಜುಲೈ ಕೊನೆಗೆ. ಇಷ್ಟು ತಡವಾಯಿತಲ್ಲ ಎಂಬ ನೋವು ಈಗಲೂ ಇದೆ.

ಸಮಸ್ಯೆಯನ್ನು ಹತ್ತಿರದಿಂದ ನೋಡಿದ್ದು

ಬರಹದ ಹಾಳೆ ನೋಡಿದ ಮೇಲೆ ಓದನ್ನೂ ನೋಡಬೇಕೆನಿಸಿತು. ನಾಲ್ಕು ದಿನ, ದಿನಕ್ಕೆ ಏಳೆಂಟು ಮಕ್ಕಳ ಹಾಗೆ, ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಓದಿಸಿದೆ. ಪಠ್ಯಪುಸ್ತಕ ಕೊಡಲಿಲ್ಲ. ಅವರು ನೋಡಿರದ ಒಂದು ಪುಟದ ಕಥೆ ಕೊಟ್ಟೆ. ತಪ್ಪಿದಲ್ಲಿ ತಿದ್ದದೆ, ಬರೆದುಕೊಳ್ಳುತ್ತಾ ಹೋದೆ.

ಒಬ್ಬ ಹುಡುಗನ ಓದು ಮರೆಯಲು ಆಗುವುದಿಲ್ಲ. ಆರನೇ ತರಗತಿಯ ಪದ್ಯವನ್ನು ಅವನು ತರಗತಿಯಲ್ಲಿ ಗಡಗಡ ಓದುತ್ತಿದ್ದ. ನಾನು ಅವನನ್ನು ಚೆನ್ನಾಗಿ ಓದುವವರ ಸಾಲಿನಲ್ಲಿ ಇಟ್ಟಿದ್ದೆ. ಹೊಸ ಕಥೆಯ ಎದುರು ಅವನು 'ಒ... ಂ... ದು' ಎಂದು ಹುಡುಕಲು ಶುರು ಮಾಡಿದ. ಹಳೆಯ ಪದ್ಯ ತೆಗೆದು ಕೊಟ್ಟೆ. ಮತ್ತೆ ಗಡಗಡ. ಆಗ ಅವನ ಬೆರಳು ನೋಡಿದೆ. ಬೆರಳು ಎರಡನೇ ಸಾಲಿನಲ್ಲಿತ್ತು, ಬಾಯಿ ನಾಲ್ಕನೇ ಸಾಲಿಗೆ ಹೋಗಿತ್ತು. ಅಷ್ಟು ವರ್ಷ ಅವನು ಕಿವಿಯಲ್ಲಿ ಕಲಿತದ್ದನ್ನು ಒಪ್ಪಿಸುತ್ತಿದ್ದ. ನಾವು ಅದನ್ನು ಓದು ಅಂದುಕೊಂಡಿದ್ದೆವು.

ಹೀಗೆ ಅಕ್ಷರಕ್ಕೆ ಅಕ್ಷರ ಜೋಡಿಸಿ ಓದುವವರು ಎಂಟು ಮಂದಿ ಸಿಕ್ಕರು. ಬರೆದುಕೊಂಡ ತಪ್ಪುಗಳನ್ನು ರಾತ್ರಿ ಕೂತು ವಿಂಗಡಿಸಿದೆ. ನೂರಾರು ತಪ್ಪು ಇರಬಹುದು ಅಂದುಕೊಂಡಿದ್ದೆ. ಹೆಚ್ಚಿನವು ಮೂರೇ ಬಗೆಯವು. ದೀರ್ಘ ಬಿಟ್ಟುಹೋಗುವುದು ಒಂದು. ಒತ್ತಕ್ಷರ ಬಂದಲ್ಲಿ ನಿಲ್ಲುವುದು ಇನ್ನೊಂದು. ಮೂರನೆಯದು ಅರ್ಕಾವೊತ್ತು. 'ಸೂರ್ಯ'ದಲ್ಲಿ ರಕಾರವನ್ನು ಹೇಳುವುದು ಮೊದಲು, ಅದರ ಗುರುತನ್ನು ಬರೆಯುವುದು ಕೊನೆಗೆ. ಕಣ್ಣಿಗೆ ಬಿದ್ದ ಕ್ರಮದಲ್ಲೇ ಓದುವ ಮಗು 'ಸೂಯ್ರ' ಅನ್ನುತ್ತದೆ. ಅದು ದಡ್ಡತನ ಅಲ್ಲ. ಆ ಗುರುತು ಮೊದಲು ಬಾಯಿಗೆ ಬರಬೇಕು ಎಂಬ ನಿಯಮವನ್ನು ಅದಕ್ಕೆ ಯಾರೂ ಸಾವಕಾಶವಾಗಿ ತೋರಿಸಿಲ್ಲ.

ಮೊದಲ ಯೋಜನೆ

ನನ್ನ ಮೊದಲ ಯೋಜನೆ ಎಲ್ಲರೂ ಮಾಡುವಂಥದ್ದೇ. ದಸರಾ ರಜೆಯೊಳಗೆ ಮುಗಿಯಬೇಕಾದ ಪಾಠ, ಪದ್ಯಗಳನ್ನು ವಾರಗಳಿಗೆ ಹಂಚಿದೆ. ಮೇ 29ರಿಂದ ಅಕ್ಟೋಬರ್ 2ರ ವರೆಗೆ 18 ವಾರ, ವಾರಕ್ಕೆ 6 ಅವಧಿ, ಒಟ್ಟು 108. ಪಾಠಕ್ಕೆ ಎಂಟೊಂಬತ್ತು ಅವಧಿ ಸಿಗುತ್ತದೆ, ಸಲೀಸು ಅನ್ನಿಸಿತು. ಎಂಟು ಮಕ್ಕಳಿಗೆ ಮಾತ್ರ ಸಂಜೆ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಪರಿಹಾರ ಬೋಧನೆ ಇಟ್ಟೆ. ಅಕ್ಷರಮಾಲೆಯ ಚಾರ್ಟ್, ಕಾಗುಣಿತ, ಆಮೇಲೆ ಒತ್ತಕ್ಷರ, ಆಮೇಲೆ ಪದ.

ಎರಡು ವಾರ ನಡೆಯಿತು. ಮೂರನೇ ವಾರ ಮೂವರು ಬಂದರು, ನಾಲ್ಕನೇ ವಾರ ಒಬ್ಬಳೇ. ಮಳೆ ಒಂದು ಕಾರಣ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಕಾಯಬೇಕು. ಆದರೆ ನಿಜವಾದ ಕಾರಣ ಬೇರೆ ಇತ್ತು. ನೀರು ಕುಡಿಯುವ ನಲ್ಲಿಯ ಹತ್ತಿರ ಆರನೇ ತರಗತಿಯ ಹುಡುಗನೊಬ್ಬ ನಮ್ಮ ಹುಡುಗನಿಗೆ, 'ನಿಂಗೆ ಇವತ್ತು ಅ ಆ ಇ ಈ ಕ್ಲಾಸ್ ಉಂಟಲ್ಲ?' ಅಂದ. ನಮ್ಮ ಹುಡುಗ ಏನೂ ಹೇಳಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತ. ಅದಾಗಲೇ ಮುಚ್ಚಿತ್ತು, ಆದರೂ ತಿರುಗಿಸುತ್ತಿದ್ದ. ಹನ್ನೆರಡು ವರ್ಷದ ಹುಡುಗನನ್ನು ಅರಸ, ಆಟದ ಚಾರ್ಟಿನ ಎದುರು ಕೂರಿಸಿದ್ದು ನಾನು. ಶಾಲೆ ಮತ್ತೆ ತೆರೆದ ಮೇಲೆ ಪ್ರತಿ ವರ್ಷವೂ ಯಾರಾದರೊಬ್ಬರು ಅವನನ್ನು ಅಲ್ಲೇ ಕೂರಿಸಿದ್ದಾರೆ. ಆ ವಾರವೇ ಸಂಜೆಯ ತರಗತಿ ನಿಲ್ಲಿಸಿದೆ.

ಅಷ್ಟರಲ್ಲಿ ಜುಲೈ ಮಳೆ ಜೋರಾಯಿತು. ರಾತ್ರಿ ಹತ್ತು ಗಂಟೆಗೆ ಫೋನಿಗೆ ಜಿಲ್ಲಾಧಿಕಾರಿಗಳ ಆದೇಶ ಬರುವುದು, ನಾಳೆ ರಜೆ. ಒಂದರ ಹಿಂದೆ ಒಂದು. ನನ್ನ ಪಟ್ಟಿಯಲ್ಲಿ ಎರಡನೇ ಪಾಠ ಮುಗಿದಿರಬೇಕಾದ ದಿನ ಮೊದಲನೆಯದರ ಪ್ರಶ್ನೋತ್ತರವೇ ಬಾಕಿ ಇತ್ತು. ಆಗ ನಾನು ಏನು ಮಾಡಿದೆ ಗೊತ್ತಾ? ಬೇಗ ಮುಗಿಯಲಿ ಅಂತ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಮಕ್ಕಳು ನಕಲು ಮಾಡಿದರು. ಜೂನ್‌ನಲ್ಲಿ ಯಾವುದನ್ನು ನೋಡಿ ಬೇಸರಪಟ್ಟಿದ್ದೆನೋ ಜುಲೈಯಲ್ಲಿ ಅದನ್ನೇ ಮಾಡಿದೆ. ಅವಸರದಲ್ಲಿ ಕೈ ಹಳೆಯ ದಾರಿಗೇ ಹೋಗುತ್ತದೆ.

ಲೆಕ್ಕ ಮತ್ತೆ ಹಾಕಿದ್ದು

ಒಂದು ಮಳೆ ರಜೆಯ ದಿನ ಹಿಂದಿನ ವರ್ಷದ ಹಾಜರಿ ಪುಸ್ತಕ, ನನ್ನ ದಿನಚರಿ ಎರಡನ್ನೂ ಎದುರಿಟ್ಟು ಕೂತೆ. ಅದೇ ನಾಲ್ಕು ತಿಂಗಳಲ್ಲಿ ಕನ್ನಡ ಪಾಠ ನಿಜವಾಗಿ ಎಷ್ಟು ಅವಧಿ ನಡೆದಿತ್ತು ಎಂದು ಎಣಿಸಿದೆ. ಮಳೆ ರಜೆ, ಹಬ್ಬ, ಸ್ವಾತಂತ್ರ್ಯ ದಿನದ ತಯಾರಿ, ವಲಯ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ನನಗೆ ತರಬೇತಿ ಇದ್ದ ದಿನಗಳು, ಪರೀಕ್ಷೆಗಳು. ಎಲ್ಲ ಕಳೆದು ಉಳಿದದ್ದು 74. ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನ ನಡೆಸಿದ ತರಗತಿಗಳನ್ನು ಸೇರಿಸಿಯೂ ಅಷ್ಟೇ.

ಆ ಸಂಖ್ಯೆ ನೋಡಿ ಮೊದಲು ಭಯವಾಯಿತು, ಆಮೇಲೆ ನಿರಾಳವಾಯಿತು. 108 ಅವಧಿ ನಮ್ಮ ಊರಿನಲ್ಲಿ ಯಾವತ್ತೂ ಇರಲಿಲ್ಲ. ಇಲ್ಲದ ದಿನಗಳಿಗೆ ಯೋಜನೆ ಹಾಕಿ, ಕೊರತೆಯನ್ನು ಬೋರ್ಡಿನ ನಕಲಿನಿಂದ ತುಂಬಿಸುತ್ತಾ ಬಂದಿದ್ದೆ. ನಕಲು ಬರಲು ಇದೇ ದೊಡ್ಡ ಕಾರಣ. ಸೋಮಾರಿತನ ಅಲ್ಲ.

74ರಲ್ಲಿ 60ಕ್ಕೆ ಮಾತ್ರ ಯೋಜನೆ ಮಾಡುವುದು, 14 ಕೈಯಲ್ಲಿ ಇಟ್ಟುಕೊಳ್ಳುವುದು ಎಂದು ತೀರ್ಮಾನಿಸಿದೆ. ಜುಲೈ ಮಧ್ಯದವರೆಗೆ ಕಳೆದದ್ದನ್ನೂ ಬಿಟ್ಟರೆ ನನಗೆ ನಿಜವಾಗಿ ಉಳಿದದ್ದು 40ರ ಆಸುಪಾಸು. ಅಷ್ಟರಲ್ಲಿ ಏನಾಗಬೇಕು? ಇಲ್ಲಿ ಪ್ರಶ್ನೆಯನ್ನೇ ಬದಲಿಸಿದೆ. 'ಎಷ್ಟು ಪಾಠ ಮುಗಿಯಬೇಕು' ಎಂದು ಕೇಳುವುದನ್ನು ಬಿಟ್ಟು, 'ದಸರಾ ರಜೆಗೆ ಹೋಗುವಾಗ ಪ್ರತಿ ಮಗುವೂ ಯಾರ ನೆರವೂ ಇಲ್ಲದೆ ಏನು ಬರೆಯಬಲ್ಲದು' ಎಂದು ಕೇಳಿಕೊಂಡೆ. ಮೂರು ಬರಹ ಇಟ್ಟುಕೊಂಡೆ. ಮನೆಯ ದೊಡ್ಡವರನ್ನು ಕೇಳಿ ಬರೆಯುವ ಒಂದು. ತನಗೆ ಮಾಡಲು ಬರುವ ಒಂದು ಕೆಲಸವನ್ನು ಹಂತ ಹಂತವಾಗಿ ವಿವರಿಸುವ ಒಂದು. ಒಂದು ಬೇಡಿಕೆಯ ಪತ್ರ.

ಪಾಠಗಳನ್ನು ಬಿಡುವ ಹಾಗಿಲ್ಲ, ಸೆಪ್ಟೆಂಬರ್ ಕೊನೆಗೆ ಸಂಕಲನಾತ್ಮಕ ಪರೀಕ್ಷೆ, ಅಂದರೆ ಅರ್ಧ ವರ್ಷದ ಪರೀಕ್ಷೆ ಇದೆ. ಮುಖ್ಯ ಶಿಕ್ಷಕಿಯ ಹತ್ತಿರ ಹಾಜರಿ ಪುಸ್ತಕ ಹಿಡಿದುಕೊಂಡೇ ಹೋದೆ. ಅವರಿಗೆ ಎರಡು ಚಿಂತೆ. ಮೇಲಿನವರು ಬಂದು ನೋಟ್ಸು ಕೇಳಿದರೆ ಏನು ತೋರಿಸುವುದು? ಅಂಕ ಕಡಿಮೆಯಾದರೆ ಪೋಷಕರಿಗೆ ಏನು ಹೇಳುವುದು? ಎರಡೂ ನ್ಯಾಯವಾದ ಚಿಂತೆಯೇ. ಅರ್ಧ ಗಂಟೆ ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಎಲ್ಲ ಪಾಠಗಳನ್ನೂ ತರಗತಿಯಲ್ಲಿ ಓದಿ ಚರ್ಚಿಸಬೇಕು. ಆದರೆ ಬರೆದು ಉತ್ತರಿಸುವುದು ಪಾಠಕ್ಕೆ ಎರಡೇ ಪ್ರಶ್ನೆ, ಅದೂ ಮಗುವಿನ ಸ್ವಂತ ಮಾತಿನಲ್ಲಿ. ಬೋರ್ಡಿನ ಮೇಲೆ ಉತ್ತರ ಬರೆಯುವಂತಿಲ್ಲ. ನಾಲ್ಕು ಪಾಠಗಳನ್ನು ಮಾತ್ರ ನಿಧಾನವಾಗಿ, ಆಳವಾಗಿ ಮಾಡುವುದು. ಕೊನೆಗೆ ಅವರು, 'ತಪ್ಪು ಇರುವ ನೋಟ್ಸು ತೋರಿಸಲು ನನಗೂ ಧೈರ್ಯ ಬೇಕು, ಆದ್ರೆ ಮಾಡುವ' ಅಂದರು. ಆ ಮಾತು ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಒಬ್ಬ ಹುಡುಗ ಯೋಜನೆ ತಿದ್ದಿದ್ದು

ಹೊಸ ಪಟ್ಟಿಯಲ್ಲಿ ಮೊದಲು 'ಮಾಡುವ ಕೆಲಸ', ಸೆಪ್ಟೆಂಬರ್‌ನಲ್ಲಿ 'ಮನೆಯವರನ್ನು ಕೇಳಿ ಬರೆಯುವುದು' ಇತ್ತು. ಮಕ್ಕಳಿಗೂ ಗೊತ್ತಿರಲಿ ಎಂದು ಗೋಡೆಗೆ ಅಂಟಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಅದನ್ನು ನೋಡಿ ಬಂದು ಹೇಳಿದ: 'ಟೀಚರ್, ಸೆಪ್ಟೆಂಬರಲ್ಲಿ ಅಪ್ಪ ಸಿಗುದಿಲ್ಲ. ಈಗ ಆದ್ರೆ ಕೇಳಿ ಬರ್ತೇನೆ.'

ಅವನ ಅಪ್ಪ ಮಲ್ಪೆಯಿಂದ ಆಳಸಮುದ್ರದ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುತ್ತವೆ, ಅಪ್ಪಂದಿರು ಮನೆಯಲ್ಲಿ. ಆಗಸ್ಟಿಗೆ ಕಡಲಿಗಿಳಿದರೆ ಒಂದು ಟ್ರಿಪ್ಪಿಗೆ ಹತ್ತು ದಿನದವರೆಗೂ ಹೊರಗೆ. ತಾಯಂದಿರೂ ಬೆಳಗಿನ ಜಾವಕ್ಕೇ ಬಂದರಿಗೆ ಹೊರಡುತ್ತಾರೆ, ಮಕ್ಕಳು ತಡವಾಗಿ ಬರುತ್ತಾರೆ. ಇದೇ ಊರಲ್ಲಿ ಹುಟ್ಟಿ ಬೆಳೆದವಳು ನಾನು, ಇಲಾಖೆಯ ಕ್ಯಾಲೆಂಡರ್ ನೋಡಿದೆ, ಕಡಲಿನ ಕ್ಯಾಲೆಂಡರ್ ನೋಡಲಿಲ್ಲ. ಅವತ್ತೇ ಎರಡನ್ನೂ ಅದಲು ಬದಲು ಮಾಡಿದೆ. ಜುಲೈ ಕೊನೆಯ ಎರಡು ವಾರ ಮನೆಯವರನ್ನು ಕೇಳುವುದಕ್ಕೆ.

ಪ್ರಶ್ನೆಗಳನ್ನು ತರಗತಿಯಲ್ಲೇ ತಯಾರಿಸಿದೆವು. ಯಾವ ಭಾಷೆಯಲ್ಲಿ ಕೇಳಿದರೂ ಸರಿ, ಯಾವ ಭಾಷೆಯಲ್ಲಿ ಬರೆದುಕೊಂಡರೂ ಸರಿ ಎಂದೆ. ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದಲ್ಲ. ಆಮೇಲೆ ಶಾಲೆಯಲ್ಲಿ ಕನ್ನಡಕ್ಕೆ ತಂದೆವು. ಜೂನ್‌ನಲ್ಲಿ ಪ್ರಶ್ನೆಯನ್ನೇ ನಾಲ್ಕು ಸಲ ಬರೆದಿದ್ದ ಹುಡುಗಿ ಅಜ್ಜಿಯ ಮಾತನ್ನು ತುಳುವಿನಲ್ಲಿ ಒಂದೂವರೆ ಪುಟ ಬರೆದು ತಂದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಯಾವ ಭಾಷೆಯಲ್ಲಿ ಶುರು ಮಾಡಬಹುದು ಎಂದು ನಾನು ಹೇಳಿರಲಿಲ್ಲ.

ಹೀಗೆ ಬಂದ ಪದಗಳಿಂದ ಗೋಡೆಯ ಮೇಲೆ ಒಂದು ಪದಪಟ್ಟಿ ಬೆಳೆಯಿತು. 'ಬರ್ಸ', 'ಪಾವ್ಸ್', 'ಮಳಿ', 'ಮಳೆ' ಒಂದೇ ಸಾಲಿನಲ್ಲಿ. 'ಇಲ್ಲ್', 'ಮನಿ', 'ಮನೆ' ಇನ್ನೊಂದು ಸಾಲಿನಲ್ಲಿ. ತುಳುವಿನಲ್ಲಿ ಮನೆಗೆ ಇಲ್ಲ್ ಅನ್ನುತ್ತಾರೆ ಎಂದು ಗೊತ್ತಾದಾಗ ಉತ್ತರ ಕರ್ನಾಟಕದ ಮಕ್ಕಳಿಗೆ ಭಾರಿ ಮೋಜು. ನಾನು ತುಳುವಿನಲ್ಲಿ ವಿವರಿಸಿದರೆ ಕನ್ನಡದಲ್ಲೂ ಒಮ್ಮೆ ಹೇಳಬೇಕು ಎಂದು ಅವರಲ್ಲೊಬ್ಬ ಧೈರ್ಯ ಮಾಡಿ ಕೇಳಿದ್ದು ಆ ಪಟ್ಟಿ ಮಾಡುವ ದಿನವೇ.

ರೊಟ್ಟಿ ಬಡಿಯುವುದು

ಆಗಸ್ಟ್‌ನಲ್ಲಿ 'ನನಗೆ ಮಾಡಲು ಬರುವ ಕೆಲಸ'. ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಮೊದಲ ಕರಡು ಓದಲು ಎದ್ದಳು. 'ನಮ್ಮವ್ವ ರೊಟ್ಟಿ ಬಡಿತಾಳ. ನಾನೂ ಬಡಿತೀನಿ.' ಇಷ್ಟು ಹೇಳುವಷ್ಟರಲ್ಲಿ ತರಗತಿ ನಕ್ಕಿತು. ರೊಟ್ಟಿಗೆ ಯಾಕೆ ಹೊಡೆಯುವುದು ಅಂತ ಯಾರೋ ಅಂದರು. ಪರಿಸ್ಥಿತಿ ಸರಿ ಮಾಡಲು ಹೋಗಿ ನಾನು, 'ರೊಟ್ಟಿ ತಟ್ಟುತ್ತೇನೆ ಅಂತ ಬರಿ' ಎಂದೆ. ಅವಳು ಕೂತಳು. ಮುಂದೆ ಎರಡು ದಿನ ಬಾಯಿ ಬಿಡಲಿಲ್ಲ.

ಆ ಎರಡು ದಿನ ನನಗೂ ಅದೇ ಯೋಚನೆ. ರೊಟ್ಟಿ ಬಡಿಯುವುದು ಅಪ್ಪಟ ಕನ್ನಡ. ಜೋಳದ ನಾಡಿನಲ್ಲಿ ಎಲ್ಲರೂ ಹಾಗೇ ಹೇಳುವುದು. ಅವಳ ಭಾಷೆಯಲ್ಲಿ ತಪ್ಪಿರಲಿಲ್ಲ, ನನ್ನ ತಿದ್ದುಪಡಿಯಲ್ಲಿ ತಪ್ಪಿತ್ತು. ಮೂರನೇ ದಿನ ತರಗತಿಯ ಮುಂದೆಯೇ ಅದನ್ನು ಹೇಳಿದೆ. 'ಬಡಿಯುವುದು ಸರಿಯಾದ ಪದ. ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.' ಆಮೇಲೆ ನಗುವ ಬದಲು ಪ್ರಶ್ನೆ ಕೇಳಲು ಹೇಳಿದೆ. ಅವಳ ಕರಡಿನಲ್ಲಿ ನಾಲ್ಕೇ ವಾಕ್ಯ ಇತ್ತು: ಹಿಟ್ಟು ತಗೋಬೇಕು, ನೀರು ಹಾಕಬೇಕು, ಬಡಿಬೇಕು, ಸುಡಬೇಕು.

ಯಾವ ನೀರು, ಒಬ್ಬ ಕೇಳಿದ. ಬಿಸಿನೀರು, ಕುದಿಯೋದು. ಯಾಕೆ ಬಿಸಿ? ತಣ್ಣೀರು ಹಾಕಿದರೆ ಅಂಚು ಒಡಿತೈತಿ. ಒಡೆಯುವುದು ಯಾಕೆ? ಅವಳು ಸ್ವಲ್ಪ ಯೋಚಿಸಿ, 'ಜೋಳದ ಹಿಟ್ಟಿಗೆ ಜಿಗಿ ಇಲ್ಲ. ಬಿಸಿನೀರು ಹಾಕಿದರ ಜಿಗಿ ಬರ್ತೈತಿ' ಅಂದಳು. ನೀರು ದೋಸೆ ತಿಂದು ಬೆಳೆದ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಮತ್ತೆ ಏನು, ಮತ್ತೆ ಏನು. ಮೇಲೆ ನೀರು ಸವರುವುದು ಯಾವಾಗ, ಬಟ್ಟೆಯಿಂದ ಯಾಕೆ ಸವರುವುದು, ಉಬ್ಬುವುದು ಹೇಗೆ. ಆ ಪ್ರಶ್ನೆಗಳನ್ನು ಅವಳು ಹಾಳೆಯ ಅಂಚಿನಲ್ಲಿ ಬರೆದುಕೊಂಡಳು. ಎರಡನೇ ಕರಡು ಹದಿನಾರು ವಾಕ್ಯ. ಅದರಲ್ಲಿ ಒಂದು ವಾಕ್ಯ ನನಗೆ ಬಾಯಿಪಾಠ ಆಗಿದೆ: 'ರೊಟ್ಟಿ ತಿರುಗಬೇಕು, ನಾವು ತಿರುಗಿಸಬಾರದು, ಬಡಿಯುವ ಕೈಗೆ ಅದು ತಾನಾಗಿಯೇ ತಿರುಗುತ್ತದೆ.'

'ಇನ್ನೂ ವಿವರವಾಗಿ ಬರೆಯಿರಿ' ಎಂದು ಎಷ್ಟು ವರ್ಷ ಕೆಂಪು ಶಾಯಿಯಲ್ಲಿ ಬರೆದಿದ್ದೇನೋ. ಅದರಿಂದ ಯಾರೂ ಒಂದು ವಾಕ್ಯ ಜಾಸ್ತಿ ಬರೆದದ್ದು ನೆನಪಿಲ್ಲ. ಗೊತ್ತಿಲ್ಲದವನೊಬ್ಬ ಎದುರಿಗೆ ಕೂತು ನಿಜವಾಗಿ ಕೇಳಿದಾಗ ವಿವರ ತಾನಾಗಿ ಬಂತು. ಅಂದಿನಿಂದ ನಮ್ಮ ವಾರದ ಕ್ರಮವೇ ಹೀಗಾಯಿತು: ಗುರುವಾರ ಕರಡು, ಶುಕ್ರವಾರ ಪಕ್ಕದವರು ಎರಡು ಪ್ರಶ್ನೆ ಕೇಳುವುದು, ಅದೇ ಅವಧಿಯಲ್ಲಿ ಎರಡನೇ ಕರಡು. ಪಕ್ಕದವರು ಬೇರೆ ಮನೆಮಾತಿನವರಾಗಿರಬೇಕು ಎಂಬುದೊಂದೇ ನಿಯಮ.

ತಿದ್ದುವುದಕ್ಕೂ ಒಂದು ಮಿತಿ ಹಾಕಿಕೊಂಡೆ. ಒಂದು ನೋಟ್ಸಿಗೆ ಹತ್ತು ನಿಮಿಷ ಎಂದರೆ 31ಕ್ಕೆ ಐದು ಗಂಟೆ ದಾಟುತ್ತದೆ, ವಾರ ವಾರ ಅದು ಆಗದ ಮಾತು. ವಾರಕ್ಕೆ ಎಂಟು ನೋಟ್ಸು ಮಾತ್ರ ಪೂರ್ತಿ ಓದುತ್ತಿದ್ದೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹಿಡಿಯುವುದು. ಈ ವಾರ ಅರ್ಕಾವೊತ್ತು ಅಂದರೆ ಅದು ಮಾತ್ರ. 'ಬಾಷೆ' ಅಂತ ಬರೆದಿದ್ದರೂ ಆ ವಾರ ಸುಮ್ಮನಿರುವುದು. ಇದು ನನಗೆ ಬಹಳ ಕಷ್ಟವಾಯಿತು.

ಎಂಟು ಮಕ್ಕಳ ಓದು

ಸಂಜೆಯ ತರಗತಿ ನಿಂತ ಮೇಲೆ ಈ ಎಂಟು ಮಕ್ಕಳಿಗೆ ಏನು ದಾರಿ ಎಂದು ತಲೆ ಕೆಡಿಸಿಕೊಂಡಿದ್ದೆ. ಅವರಿಗೆ ಬೇಕಾದದ್ದು ಸುಲಭದ ಪುಸ್ತಕ. ಅದನ್ನು ಕೈಯಲ್ಲಿ ಹಿಡಿದರೆ ಅವಮಾನ. ಒಂದು ಶನಿವಾರ ಎರಡನೇ ತರಗತಿಯ ಶಿಕ್ಷಕಿ ರಜೆ ಇದ್ದರು. ಆ ಪುಟ್ಟ ಮಕ್ಕಳಿಗೆ ಕಥೆ ಓದಿ ಹೇಳಲು ನಮ್ಮ ತರಗತಿಯವರು ಯಾರಾದರೂ ಹೋಗಿ ಎಂದಾಗ ದಾರಿ ಹೊಳೆಯಿತು. ಪುಟ್ಟವರಿಗೆ ಓದಿ ಹೇಳಬೇಕಾದರೆ ಪುಟ್ಟ ಪುಸ್ತಕವೇ ಬೇಕಲ್ಲ. ಅದರಲ್ಲಿ ನಾಚಿಕೆ ಏನು ಬಂತು?

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಹಂತ 1ರಿಂದ 4ರ ವರೆಗೆ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು. ಹಂತ 1 ಮತ್ತು 2ರ ಹತ್ತು ಪುಸ್ತಕ ಮುದ್ರಿಸಿದೆ. ಗ್ರಾಮ ಪಂಚಾಯತಿನ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಅಲ್ಲಿಂದಲೂ ಕೆಲವು ತಂದೆವು. ಶನಿವಾರ ಓದಿ ಹೇಳಬೇಕಾದವರು ಸೋಮವಾರವೇ ಪುಸ್ತಕ ಆರಿಸಿಕೊಳ್ಳುವುದು. ದಿನಾ ಹತ್ತು ನಿಮಿಷ ನನ್ನ ಹತ್ತಿರ ಅಥವಾ ಗೆಳೆಯನ ಹತ್ತಿರ ಅಭ್ಯಾಸ. ಸರದಿ ಎಲ್ಲರಿಗೂ ಇತ್ತು, ಚೆನ್ನಾಗಿ ಓದುವವರಿಗೂ. ಹಾಗಾಗಿ ಯಾರಿಗೂ ಹಣೆಪಟ್ಟಿ ಬೀಳಲಿಲ್ಲ. ಈ ಎಂಟು ಮಂದಿಗೆ ಸರದಿ ಜಾಸ್ತಿ ಬರುವ ಹಾಗೆ ನಾನು ನೋಡಿಕೊಂಡೆ.

ಒಂದೇ ಪುಟವನ್ನು ಐದಾರು ಸಲ ಓದು ಎಂದರೆ ಯಾವ ಹುಡುಗನೂ ಓದುವುದಿಲ್ಲ. ಶನಿವಾರ ಇಪ್ಪತ್ತು ಜೊತೆ ಕಣ್ಣು ತನ್ನನ್ನೇ ನೋಡುತ್ತವೆ ಎಂದು ಗೊತ್ತಾದರೆ ಹತ್ತು ಸಲ ಓದುತ್ತಾನೆ. ನಲ್ಲಿಯ ಹತ್ತಿರ ಬಾಟಲಿ ತಿರುಗಿಸುತ್ತಾ ನಿಂತಿದ್ದ ಹುಡುಗ ಮೊದಲ ಶನಿವಾರ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಓದಿದ. 'ಚಿತ್ರ ಕಾಣ್ತಿಲ್ಲ' ಎಂದು ಪುಟ್ಟಿಯೊಬ್ಬಳು ಅಂಗಿ ಎಳೆದಳು. ಪುಸ್ತಕ ತಿರುಗಿಸಿ ಹಿಡಿದು, ಬದಿಯಿಂದ ಬಗ್ಗಿ ಓದತೊಡಗಿದ. ಮೂರನೇ ಶನಿವಾರದ ಹೊತ್ತಿಗೆ ಹುಲಿಗೆ ಒಂದು ದನಿ, ಇಲಿಗೆ ಇನ್ನೊಂದು.

ಕೈಗೂಡದ್ದು

ಓದಿದ ಪುಸ್ತಕದ ಹೆಸರು ಬರೆದು ಮನೆಯವರ ಸಹಿ ತರುವ ಒಂದು ಕಾರ್ಡ್ ಮಾಡಿದ್ದೆ. ಆಗಸ್ಟ್‌ನಲ್ಲಿ ಸಹಿ ಹಾಕುವವರೇ ಮನೆಯಲ್ಲಿ ಇರುವುದಿಲ್ಲ. ಮಕ್ಕಳೇ ಸಹಿ ಹಾಕತೊಡಗಿದರು. ಸುಳ್ಳು ಹೇಳಿಸುವ ಕಾರ್ಡ್ ಬೇಡ ಎಂದು ಬಿಟ್ಟೆ.

ಪತ್ರ ಪೂರ್ತಿ ಸೋತಿತು. ಅಷ್ಟಮಿ, ಚೌತಿ, ಕ್ರೀಡಾಕೂಟ ಎಲ್ಲ ಮುಗಿದಾಗ ಅದಕ್ಕೆ ಸಿಕ್ಕಿದ್ದು ಎರಡೇ ಅವಧಿ. ಬಸ್ ನಿಲ್ದಾಣದ ಎದುರು ನೀರು ನಿಲ್ಲುತ್ತದೆ, ಸರಿಪಡಿಸಿ ಎಂದು ಪಂಚಾಯತಿಗೆ ಬರೆಯುವುದು ವಿಷಯ. ಅವಸರವಾಯಿತು. ಪತ್ರದ ನಮೂನೆಯನ್ನು ಬೋರ್ಡಿನ ಮೇಲೆ ಬರೆದೆ. 'ಮಾನ್ಯರೇ, ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗುವ 29 ಪತ್ರಗಳು ಬಂದವು. ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ. ಕಳುಹಿಸಲಿಲ್ಲ.

ಸೆಪ್ಟೆಂಬರ್ ಕೊನೆಗೆ

ಪರೀಕ್ಷೆಗೆ ಮೊದಲು ಮತ್ತೆ ಬಿಳಿ ಹಾಳೆ ಕೊಟ್ಟೆ. ಈ ಸಲದ ಪ್ರಶ್ನೆ: 'ಈ ಮಳೆಗಾಲದಲ್ಲಿ ನೀವು ಮರೆಯದ ಒಂದು ದಿನ'. ಅಂದು 29 ಮಕ್ಕಳಿದ್ದರು. ಒಂದು ಪುಟ ಅಥವಾ ಹೆಚ್ಚು ಬರೆದವರು 13. ಐದಕ್ಕಿಂತ ಹೆಚ್ಚು ಸಾಲು ಬರೆದವರು 11. ನಾಲ್ವರು ಮೂರು ನಾಲ್ಕು ಸಾಲು ಬರೆದರು. ಒಬ್ಬನದು ಒಂದೇ ಸಾಲು. ಪ್ರಶ್ನೆಯನ್ನು ನಕಲು ಮಾಡಿದವರು ಯಾರೂ ಇಲ್ಲ. ತಪ್ಪುಗಳು ಜೂನ್‌ಗಿಂತ ಜಾಸ್ತಿಯೇ ಇದ್ದವು, ಬರೆದದ್ದೇ ಜಾಸ್ತಿ ಅಲ್ವಾ.

ಎಂಟು ಮಂದಿಯಲ್ಲಿ ಐವರು ಹೊಸ ಪುಟವನ್ನು ವಾಕ್ಯ ವಾಕ್ಯವಾಗಿ ಓದುವಷ್ಟಾದರು. ಇಬ್ಬರು ಒತ್ತಕ್ಷರದಲ್ಲಿ ಇನ್ನೂ ನಿಲ್ಲುತ್ತಾರೆ. ಒಬ್ಬ, ಬೆರಳು ಒಂದು ಕಡೆ ಬಾಯಿ ಒಂದು ಕಡೆ ಇದ್ದ ಆ ಹುಡುಗ, ಹೆಚ್ಚು ಕಡಿಮೆ ಅಲ್ಲೇ ಇದ್ದಾನೆ. ಶನಿವಾರದ ಪುಸ್ತಕಗಳನ್ನೂ ಅವನು ಬಾಯಿಪಾಠ ಮಾಡಿಯೇ ಓದುತ್ತಿದ್ದ ಎಂದು ತಡವಾಗಿ ಗೊತ್ತಾಯಿತು. ಒಂದೇ ಸಾಲು ಬರೆದವನೂ ಅವನೇ. ಅವನ ತೊಂದರೆ ಅಭ್ಯಾಸದ ಕೊರತೆಯಲ್ಲ, ಬೇರೆ ಏನೋ ಇದೆ ಎಂದು ಈಗ ಅನ್ನಿಸುತ್ತದೆ. ವಿಶೇಷ ನೆರವು ಬೇಕಾದ ಮಕ್ಕಳನ್ನು ನೋಡುವ, ತಾಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯನ್ನು ಕರೆಸಿದ್ದೇವೆ. ಜೂನ್‌ನಲ್ಲೇ ಕರೆಸಬೇಕಿತ್ತು.

ಪರೀಕ್ಷೆಯ ಅಂಕಗಳು ಕೂಡಿಸಿ ನೋಡಿದರೆ ಹಿಂದಿನ ವರ್ಷದಷ್ಟೇ. ಆದರೆ ಒಳಗೆ ಬದಲಾಗಿತ್ತು. 'ಈ ಮಾತನ್ನು ಯಾರು ಯಾರಿಗೆ ಹೇಳಿದರು' ಎಂಬಲ್ಲಿ ಕೆಲವರು ಅಂಕ ಕಳೆದುಕೊಂಡರು. ಪ್ರಬಂಧ, ಸ್ವಂತ ವಾಕ್ಯ ಇರುವಲ್ಲಿ ಪಡೆದುಕೊಂಡರು. ಖಾಲಿ ಬಿಟ್ಟ ಉತ್ತರಗಳು ಬಹಳ ಕಡಿಮೆ.

ಪೋಷಕರ ಸಭೆಯ ದಿನ ಒಬ್ಬ ತಾಯಿ ಬೇಸರದಿಂದಲೇ ಕೇಳಿದರು: 'ಹೋದ ವರ್ಷ ಎರಡು ನೋಟ್ಸು ತುಂಬಿತ್ತು ಟೀಚರ್, ಈ ವರ್ಷ ಅರ್ಧ ಕೂಡ ಇಲ್ಲ. ಪಾಠ ಆಗ್ಲಿಲ್ವಾ?' ನಾನು ವಿವರಿಸಲು ಹೋಗಲಿಲ್ಲ. ಅವರ ಮಗಳು ಅಜ್ಜಿಯನ್ನು ಕೇಳಿ ಬರೆದದ್ದನ್ನು ತೆಗೆದು ಓದಿದೆ. ಮಾಡು ಸೋರುವ ರಾತ್ರಿಗಳಲ್ಲಿ ಅಜ್ಜಿ ಪಾತ್ರೆಗಳನ್ನು ಯಾವ ಕ್ರಮದಲ್ಲಿ ಇಡುತ್ತಿದ್ದಳು ಎಂಬ ಭಾಗ ಬಂದಾಗ ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. 'ಇದು ಅವಳೇ ಬರೆದದ್ದಾ?' ಎಂದು ಎರಡು ಸಲ ಕೇಳಿದರು.

ದಸರಾ ರಜೆಯಲ್ಲಿ ದ್ವಿತೀಯಾರ್ಧದ ಯೋಜನೆಗೆ ಕೂತಾಗ ಮೊದಲು ಬರೆದದ್ದು ಪಾಠಗಳ ಹೆಸರಲ್ಲ. ಕಳೆದ ವರ್ಷ ನಿಜವಾಗಿ ನಡೆದ ಅವಧಿಗಳ ಸಂಖ್ಯೆ, ಆಮೇಲೆ ಊರಿನ ದಿನಗಳು. ಜನವರಿಯಿಂದ ಕೋಲ, ಜಾತ್ರೆ, ಯಕ್ಷಗಾನ ಬಯಲಾಟಗಳ ರಾತ್ರಿಗಳು ಜಾಸ್ತಿ, ಮಾರನೇ ಬೆಳಿಗ್ಗೆ ಮಕ್ಕಳ ಕಣ್ಣು ಎಳೆಯುತ್ತಿರುತ್ತದೆ. ಹೊಸ ಬರಹದ ಕೆಲಸವನ್ನೆಲ್ಲ ಡಿಸೆಂಬರ್ ಒಳಗೆ ತಂದಿದ್ದೇನೆ. ಪತ್ರಕ್ಕೆ ನವೆಂಬರ್‌ನಲ್ಲಿ ಆರು ಅವಧಿ. ಬೋರ್ಡಿನ ಮೇಲೆ ನಮೂನೆ ಇರುವುದಿಲ್ಲ. ಮೊದಲ ಅವಧಿಯಲ್ಲಿ ಎಲ್ಲರೂ ಪೆನ್ನು, ಹಾಳೆ ಹಿಡಿದು ಬಸ್ ನಿಲ್ದಾಣಕ್ಕೆ ನಡೆದು ಹೋಗುವುದು. ಹೊಂಡ ಎಷ್ಟು ಅಡಿ ಉದ್ದ ಇದೆ ಎಂದು ಅಳೆಯಲು ಟೇಪು ತರುತ್ತೇನೆ ಎಂದು ಕೋರೆ ಕೆಲಸದವರ ಮಗನೊಬ್ಬ ಈಗಲೇ ಹೇಳಿ ಇಟ್ಟಿದ್ದಾನೆ.